ಹಸಿರು ಕಟ್ಟಡ ಪ್ರಮಾಣೀಕರಣ: ಉದ್ಯಮಿಗಳು ಗಮನಿಸಬೇಕಾದ ಲೆಕ್ಕಾಚಾರ

ಹೊಸ ಕಾರ್ಖಾನೆ, ಗೋದಾಮು ಅಥವಾ ಆಡಳಿತ ಕಚೇರಿಯನ್ನು ಕಟ್ಟಿಸಲು ಹೊರಟ ನಮ್ಮ ಸದಸ್ಯರಿಗೆ ವಾಸ್ತುಶಿಲ್ಪಿಗಳು ಇಂದು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, "ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ ಪಡೆಯುವ ಉದ್ದೇಶವಿದೆಯೇ?" ಎಂಬುದು. ಪಡೆದರೆ ವಿದ್ಯುತ್ ಬಿಲ್ಲು ಇಷ್ಟು ಕಡಿಮೆಯಾಗುತ್ತದೆ, ಬಾಡಿಗೆ ಇಷ್ಟು ಹೆಚ್ಚು ಬರುತ್ತದೆ ಎಂಬ ಮಾತುಗಳೂ ಅದರ ಜೊತೆಗೇ ಬರುತ್ತವೆ. ಇವುಗಳಲ್ಲಿ ಎಷ್ಟು ನಿಜ, ಎಷ್ಟು ನಿರೀಕ್ಷೆ ಮಾತ್ರ, ಮತ್ತು ಈ ವೆಚ್ಚವನ್ನು ಲೆಕ್ಕಪುಸ್ತಕದಲ್ಲಿಯೂ ತೆರಿಗೆಯಲ್ಲಿಯೂ ಹೇಗೆ ಪರಿಗಣಿಸಬೇಕು ಎಂಬುದನ್ನು ಲೆಕ್ಕಪರಿಶೋಧಕನ ದೃಷ್ಟಿಯಿಂದ ವಿವರಿಸುವುದು ಈ ಲೇಖನದ ಉದ್ದೇಶ.

ಪದ್ಧತಿಗಳ ಹಿನ್ನೆಲೆ

ಭಾರತೀಯ ಉದ್ಯಮಗಳ ಒಕ್ಕೂಟವು 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿಯನ್ನು, ಅಂದರೆ ಐ.ಜಿ.ಬಿ.ಸಿ.ಯನ್ನು ಸ್ಥಾಪಿಸಿತು. ಅದರ ನೆಲೆಯಾದ ಹೈದರಾಬಾದಿನ ಸೊರಾಬ್ಜಿ ಗೋದ್ರೇಜ್ ಹಸಿರು ವಾಣಿಜ್ಯ ಕೇಂದ್ರದ ಕಟ್ಟಡವು 2003ರಲ್ಲಿ ಅಮೆರಿಕದ ಲೀಡ್ ಪದ್ಧತಿಯ ಪ್ಲಾಟಿನಂ ಶ್ರೇಣಿಯನ್ನು ಪಡೆಯಿತು. ಅಮೆರಿಕದ ಹೊರಗೆ ಈ ಶ್ರೇಣಿ ಪಡೆದ ಮೊದಲ ಕಟ್ಟಡ ಅದು. ಅಂದಿನ ರಾಷ್ಟ್ರಪತಿ ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು 2004ರ ಜುಲೈ 14ರಂದು ಅದನ್ನು ಉದ್ಘಾಟಿಸಿದರು. ನಮ್ಮ ದೇಶದಲ್ಲಿ ಹಸಿರು ಕಟ್ಟಡದ ಮಾತು ಉದ್ಯಮ ವಲಯಕ್ಕೆ ತಲುಪಿದ್ದು ಅಲ್ಲಿಂದ ಎನ್ನಬಹುದು.

ಅನಂತರ, ದೆಹಲಿಯ ಟೆರಿ ಸಂಸ್ಥೆ ಹಾಗೂ ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವು ಜೊತೆಗೂಡಿ ರೂಪಿಸಿದ 'ಗೃಹ' ಪದ್ಧತಿಯು 2007ರಲ್ಲಿ ರಾಷ್ಟ್ರೀಯ ಶ್ರೇಯಾಂಕ ಪದ್ಧತಿಯಾಗಿ ಅಂಗೀಕೃತವಾಯಿತು. ಇದರಲ್ಲಿ ಒಂದರಿಂದ ಐದು ನಕ್ಷತ್ರಗಳವರೆಗೆ ಶ್ರೇಯಾಂಕವಿದೆ. ಲೀಡ್ ಪದ್ಧತಿಯಲ್ಲಿ 110 ಅಂಕಗಳಿಗೆ 40ರಿಂದ ಪ್ರಮಾಣಪತ್ರ, 50ರಿಂದ ರಜತ, 60ರಿಂದ ಸುವರ್ಣ, 80ರಿಂದ ಪ್ಲಾಟಿನಂ ಎಂಬ ಶ್ರೇಣಿಗಳು ರೂಢಿಯಲ್ಲಿವೆ. ಐ.ಜಿ.ಬಿ.ಸಿ.ಯು ಕಾರ್ಖಾನೆ, ವಸತಿ, ಕಚೇರಿ ಇತ್ಯಾದಿಗಳಿಗೆ ಪ್ರತ್ಯೇಕವಾದ ತನ್ನದೇ ಪದ್ಧತಿಗಳನ್ನು ನಡೆಸುತ್ತಿದೆ. ಇವೆಲ್ಲವೂ ಸ್ವಇಚ್ಛೆಯವು.

ಕಾನೂನಿನ ಕಡ್ಡಾಯ ಬೇರೆ, ಸ್ವಇಚ್ಛೆಯ ಪ್ರಮಾಣಪತ್ರ ಬೇರೆ ಎಂಬುದನ್ನು ಸದಸ್ಯರು ಮೊದಲು ಮನದಟ್ಟು ಮಾಡಿಕೊಳ್ಳತಕ್ಕದ್ದು. 2001ರ ಇಂಧನ ಸಂರಕ್ಷಣಾ ಅಧಿನಿಯಮದ ಅಡಿಯಲ್ಲಿ 2007ರ ಮೇ ತಿಂಗಳಲ್ಲಿ ಇ.ಸಿ.ಬಿ.ಸಿ. ಸಂಹಿತೆಯು ಜಾರಿಗೆ ಬಂದಿತು, 2017ರಲ್ಲಿ ಪರಿಷ್ಕೃತವಾಯಿತು. 100 ಕಿಲೋವ್ಯಾಟ್ ಸಂಪರ್ಕಿತ ಹೊರೆ ಅಥವಾ 120 ಕೆ.ವಿ.ಎ. ಒಪ್ಪಂದದ ಬೇಡಿಕೆ ಉಳ್ಳ ವಾಣಿಜ್ಯ ಕಟ್ಟಡಗಳಿಗೆ ಅದು ಸಂಬಂಧಿಸಿದ್ದು. ಮೂಲ ಅಧಿನಿಯಮಕ್ಕೆ 2022ರಲ್ಲಿ ತಂದ ತಿದ್ದುಪಡಿಯು 2023ರ ಜನವರಿ 1ರಿಂದ ಜಾರಿಯಾಗಿದ್ದು, ಅದರ ಅನ್ವಯ 2024ರಲ್ಲಿ ಹೊರಬಂದ ಹೊಸ ಸಂಹಿತೆಯಲ್ಲಿ ವಿದ್ಯುತ್ತಿನ ಜೊತೆಗೆ ನೀರು, ತ್ಯಾಜ್ಯ, ನಿರ್ಮಾಣ ಸಾಮಗ್ರಿಗಳೂ ಸೇರಿವೆ. ಇದಲ್ಲದೆ, 20,000 ಚದರ ಮೀಟರಿಗೂ ಮೀರಿದ ಕಟ್ಟಡಗಳು 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯ ವ್ಯಾಪ್ತಿಗೆ ಬಂದವು. ಹಸಿರು ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದ ಮಾತ್ರಕ್ಕೆ ಈ ಯಾವ ಹೊಣೆಯೂ ತಾನಾಗಿ ನೀಗುವುದಿಲ್ಲ.

ಒಂದು ಅನುಭವ

ಉತ್ತರ ಕರ್ನಾಟಕದ ಕೈಗಾರಿಕಾ ಪ್ರದೇಶವೊಂದರಲ್ಲಿ ನಮ್ಮ ಕಕ್ಷಿದಾರರೊಬ್ಬರು ಕೆಲವು ವರ್ಷಗಳ ಹಿಂದೆ ಕಾರ್ಖಾನೆಗೆ ಹೊಂದಿಕೊಂಡಂತೆ ಎರಡು ಅಂತಸ್ತಿನ ಕಚೇರಿ ಕಟ್ಟಿಸಿದರು. ಪಶ್ಚಿಮಕ್ಕೆ ಪೂರ್ತಿ ಗಾಜಿನ ಮುಖ. ಸಲಹೆಗಾರರನ್ನು ನೇಮಿಸಿ, ಶುಲ್ಕ ತೆತ್ತು, ಸುವರ್ಣ ಶ್ರೇಣಿಯನ್ನೂ ಪಡೆದರು. ಸಲಹೆಗಾರರ ವರದಿಯಲ್ಲಿ "ಶೇ. 25 ವಿದ್ಯುತ್ ಉಳಿತಾಯ" ಎಂದಿತ್ತು. ಬ್ಯಾಂಕಿಗೆ ಸಲ್ಲಿಸಿದ ಯೋಜನಾ ವರದಿಯನ್ನು ಸಿದ್ಧಪಡಿಸಿದವನು ನಾನು, ಆ ಶೇ. 25ನ್ನು ಹಾಗೆಯೇ ವಿದ್ಯುತ್ ಬಿಲ್ಲಿನ ಉಳಿತಾಯವೆಂದು ನಮೂದಿಸಿದ್ದೆ. ಎರಡು ವರ್ಷಗಳ ನಂತರ ಪರಿಶೋಧನೆಗೆ ಕುಳಿತಾಗ ನೋಡಿದರೆ, ಅವರ ಹಳೆಯ ಕಚೇರಿಗಿಂತ ಹೊಸ ಕಚೇರಿಯ ಬಿಲ್ಲು ಚದರ ಅಡಿಯ ಲೆಕ್ಕದಲ್ಲಿ ಹೆಚ್ಚೇ ಇತ್ತು. "ಸಾಹೇಬ್ರ, ಪ್ರಮಾಣಪತ್ರ ಗೋಡೆ ಮೇಲೈತಿ, ಉಳಿತಾಯ ಎಲ್ಲೈತಿ?" ಎಂದು ಅವರು ಕೇಳಿದ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕಿದಾಗ ತಿಳಿದದ್ದೇನೆಂದರೆ, ಯಾರೂ ಸುಳ್ಳು ಬರೆದಿರಲಿಲ್ಲ. ಇಂಥ ಪದ್ಧತಿಗಳಲ್ಲಿ ವಿದ್ಯುತ್ತಿನ ಅಂಕಗಳನ್ನು ಸಾಮಾನ್ಯವಾಗಿ ಗಣಕಯಂತ್ರದಲ್ಲಿ ನಡೆಸುವ ಅಂದಾಜಿನಿಂದ ನಿರ್ಧರಿಸುತ್ತಾರೆ. ಅದೇ ಗಾತ್ರದ, ಅದೇ ಊರಿನ, ಮಾನಕದ ಕನಿಷ್ಠ ಮಟ್ಟಕ್ಕೆ ಕಟ್ಟಿದ ಒಂದು ಕಾಲ್ಪನಿಕ ಕಟ್ಟಡವನ್ನು ಹೋಲಿಕೆಗೆ ಇಟ್ಟುಕೊಂಡು, ಅದಕ್ಕಿಂತ ನಿಮ್ಮ ನಕ್ಷೆಯ ಕಟ್ಟಡ ಎಷ್ಟು ಕಡಿಮೆ ವಿದ್ಯುತ್ ಬಳಸೀತು ಎಂದು ಲೆಕ್ಕ ಹಾಕಲಾಗುತ್ತದೆ. ನಿಮ್ಮ ಹಳೆಯ ಕಚೇರಿಯ ಬಿಲ್ಲಿಗೂ ಆ ಶೇಕಡಾವಾರಿಗೂ ಸಂಬಂಧವಿಲ್ಲ. ಹಳೆಯ ಕಚೇರಿಯಲ್ಲಿ ಎರಡು ಕೊಠಡಿಗೆ ಮಾತ್ರ ಹವಾನಿಯಂತ್ರಣವಿದ್ದು ಉಳಿದೆಡೆ ಫ್ಯಾನು, ಕಿಟಕಿ ಇದ್ದವು; ಹೊಸದರಲ್ಲಿ ಇಡೀ ಕಟ್ಟಡಕ್ಕೆ ಹವಾನಿಯಂತ್ರಣ. ವರದಿಯಲ್ಲಿ ದಿನಕ್ಕೆ ಹತ್ತು ಗಂಟೆಯ ಬಳಕೆ ಎಂದು ಭಾವಿಸಲಾಗಿತ್ತು. ಕಕ್ಷಿದಾರರು ಎರಡು ಪಾಳಿ ನಡೆಸುತ್ತಿದ್ದರು. ಉಳಿದ ಅಂಕಗಳು ಸೈಕಲ್ ನಿಲ್ದಾಣ, ಕಡಿಮೆ ವಾಸನೆಯ ಬಣ್ಣ, ನಿರ್ಮಾಣ ತ್ಯಾಜ್ಯದ ವಿಂಗಡಣೆ ಮುಂತಾದವುಗಳಿಂದ ಬಂದಿದ್ದವು. ಅವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಅವುಗಳಿಂದ ಬಿಲ್ಲು ಇಳಿಯುವುದಿಲ್ಲ. ತಪ್ಪು ನನ್ನ ಯೋಜನಾ ವರದಿಯಲ್ಲಿತ್ತು.

ಆದ್ದರಿಂದ ಸಲಹೆಗಾರರು "ಶೇ. ಇಷ್ಟು ಉಳಿತಾಯ" ಎಂದಾಗ ಕೇಳಬೇಕಾದ ಪ್ರಶ್ನೆ, "ಯಾವುದಕ್ಕೆ ಹೋಲಿಸಿ?" ಎಂಬುದು. ಅದಕ್ಕಿಂತ ಉಪಯುಕ್ತವಾದ ಇನ್ನೊಂದು ಪ್ರಶ್ನೆ, "ವರ್ಷಕ್ಕೆ ಪ್ರತಿ ಚದರ ಮೀಟರಿಗೆ ಎಷ್ಟು ಯೂನಿಟ್?" ಎಂಬುದು. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ ಕಚೇರಿ ಕಟ್ಟಡಗಳಿಗೆ 2009ರಿಂದ ನೀಡುತ್ತಾ ಬಂದ ನಕ್ಷತ್ರ ಶ್ರೇಯಾಂಕವು ಈ ಸೂಚಿಯನ್ನೇ, ಅಂದರೆ ವಾಸ್ತವ ಬಿಲ್ಲಿನ ಯೂನಿಟ್ಟುಗಳನ್ನೇ ಆಧರಿಸಿದೆ. ಲೆಕ್ಕ ಬರೆಯುವವರಿಗೆ ಇದು ಹೆಚ್ಚು ನಂಬುಗೆಯ ಅಳತೆ.

ಅಳೆದು ನೋಡಿದ ಒಂದು ಉದಾಹರಣೆ

ಹೀಗೆಂದ ಮಾತ್ರಕ್ಕೆ ಹಸಿರು ನಿರ್ಮಾಣದಲ್ಲಿ ಲಾಭವೇ ಇಲ್ಲವೆಂದು ತಿಳಿಯಬಾರದು. ನಮ್ಮ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು ಹೈದರಾಬಾದಿನ ತನ್ನ ಪೋಚಾರಂ ಆವರಣದಲ್ಲಿ 2011ರಲ್ಲಿ ಬಳಕೆಗೆ ತಂದ ಕಟ್ಟಡ ಇದಕ್ಕೆ ಒಳ್ಳೆಯ ನಿದರ್ಶನ. ಆ ಕಟ್ಟಡವನ್ನು ಸರಿಸಮನಾದ ಎರಡು ಅರ್ಧಗಳಾಗಿ ಕಟ್ಟಲಾಯಿತು. ಪ್ರತಿ ಅರ್ಧವೂ ಸುಮಾರು 1.25 ಲಕ್ಷ ಚದರ ಅಡಿ. ಒಂದರಲ್ಲಿ ರೂಢಿಯ ಹವಾನಿಯಂತ್ರಣ, ಇನ್ನೊಂದರಲ್ಲಿ ಕಾಂಕ್ರೀಟ್ ತಾರಸಿಯೊಳಗೆ ಹುದುಗಿಸಿದ ಕೊಳವೆಗಳಲ್ಲಿ ತಂಪು ನೀರನ್ನು ಹರಿಸಿ ಕೊಠಡಿಯನ್ನು ತಣಿಸುವ ವ್ಯವಸ್ಥೆ. ಒಂದೇ ಗಾತ್ರದ ಗಾಳಿಗಿಂತ ನೀರು ಮೂರು ಸಾವಿರ ಪಟ್ಟಿಗೂ ಹೆಚ್ಚು ಶಾಖವನ್ನು ಹೊರಬಲ್ಲುದಾದ ಕಾರಣ, ಗಾಳಿಯನ್ನು ದೊಡ್ಡ ಫ್ಯಾನುಗಳಿಂದ ತಳ್ಳುವುದಕ್ಕಿಂತ ನೀರನ್ನು ಪಂಪಿನಿಂದ ಹರಿಸುವುದಕ್ಕೆ ವಿದ್ಯುತ್ ಬಹಳ ಕಡಿಮೆ ಸಾಕು. ಅಳತೆ ಮಾಡಿ ನೋಡಿದಾಗ ಎರಡನೆಯ ಅರ್ಧದ ಹವಾನಿಯಂತ್ರಣವು ಮೊದಲ ಅರ್ಧದ್ದಕ್ಕಿಂತ ಸುಮಾರು ಶೇ. 34ರಷ್ಟು ಕಡಿಮೆ ವಿದ್ಯುತ್ ಬಳಸಿತು. ಇನ್ನೂ ಗಮನಾರ್ಹವಾದುದು, ಅದರ ನಿರ್ಮಾಣ ವೆಚ್ಚವು ರೂಢಿಯ ವ್ಯವಸ್ಥೆಗಿಂತ ಹೆಚ್ಚಾಗಲಿಲ್ಲ. ಕೊಂಚ ಕಡಿಮೆಯೇ ಆಯಿತು.

ಇಲ್ಲಿ ಮೆಚ್ಚಬೇಕಾದದ್ದು ತಂತ್ರಜ್ಞಾನವನ್ನು ಮಾತ್ರವಲ್ಲ, ಹೋಲಿಸಿದ ಕ್ರಮವನ್ನು ಕೂಡ. ಒಂದೇ ಬಿಸಿಲು, ಒಂದೇ ಕೆಲಸದ ವೇಳೆ, ಪ್ರತ್ಯೇಕ ಮೀಟರು. ನಮ್ಮಲ್ಲಿ ಇಷ್ಟು ದೊಡ್ಡ ಪ್ರಯೋಗ ಮಾಡಲು ಎಲ್ಲರಿಗೂ ಸಾಧ್ಯವಿಲ್ಲ. ಆದರೆ ಬೆಳಕು, ಹವಾನಿಯಂತ್ರಣ, ಯಂತ್ರಗಳು, ಪಂಪು ಇವಕ್ಕೆ ಬೇರೆ ಬೇರೆ ಉಪಮೀಟರು ಹಾಕಿಸಲು ದೊಡ್ಡ ಮೊತ್ತವೇನೂ ಬೇಕಾಗುವುದಿಲ್ಲ.

ಮರುಪಾವತಿಯ ಲೆಕ್ಕ

ಈಗ ಒಂದು ಊಹೆಯ ಲೆಕ್ಕವನ್ನು ನೋಡೋಣ. 20,000 ಚದರ ಅಡಿಯ ಕಚೇರಿ, ಸಾಮಾನ್ಯ ನಿರ್ಮಾಣ ವೆಚ್ಚ ಚದರ ಅಡಿಗೆ ರೂ. 2,500ರಂತೆ ರೂ. 5 ಕೋಟಿ. ಹಸಿರು ಕ್ರಮಗಳಿಗಾಗಿ ಅದರ ಮೇಲೆ ಶೇ. 3, ಅಂದರೆ ರೂ. 15 ಲಕ್ಷ ಹೆಚ್ಚುವರಿ ಎಂದಿಟ್ಟುಕೊಳ್ಳಿ. ಇದರಲ್ಲಿ ರೂ. 9 ಲಕ್ಷ ಚಾವಣಿ, ಗಾಜು, ಗೋಡೆಗಳಿಗೆ; ರೂ. 6 ಲಕ್ಷ ಉಪಕರಣಗಳಿಗೆ. ವರ್ಷಕ್ಕೆ ಚದರ ಮೀಟರಿಗೆ 100 ಯೂನಿಟ್ಟಿನಂತೆ ಸುಮಾರು 1.86 ಲಕ್ಷ ಯೂನಿಟ್ ಬಳಕೆ, ಯೂನಿಟ್ಟಿಗೆ ರೂ. 8 ಎಂದುಕೊಳ್ಳಿ. ಶೇ. 25 ಉಳಿದರೆ ವರ್ಷಕ್ಕೆ ರೂ. 3.72 ಲಕ್ಷ, ಹೆಚ್ಚುವರಿ ವೆಚ್ಚ ನಾಲ್ಕು ವರ್ಷಗಳಲ್ಲಿ ಮರಳುತ್ತದೆ. ಸಲಹೆಗಾರರ ಕರಪತ್ರಗಳು ಇಲ್ಲಿಗೆ ನಿಲ್ಲುತ್ತವೆ.

ಆದರೆ ಉಳಿತಾಯವೂ ಲಾಭವೇ. ಅದರ ಮೇಲೆ ತೆರಿಗೆಯಿದೆ. ಶೇ. 25.17ರ ದರದಲ್ಲಿ ತೆರಿಗೆ ತೆರುವ ಕಂಪನಿಗೆ ಕೈಗೆ ದಕ್ಕುವುದು ರೂ. 2.78 ಲಕ್ಷ. ಇದಕ್ಕೆ ಪ್ರತಿಯಾಗಿ ಸವಕಳಿಯ ಅನುಕೂಲವಿದೆ: ಕಟ್ಟಡದ ಭಾಗಕ್ಕೆ ಶೇ. 10, ಅರ್ಹ ಉಪಕರಣಗಳಿಗೆ ಶೇ. 40ರಂತೆ ಮೊದಲ ವರ್ಷ ರೂ. 3.3 ಲಕ್ಷ ಸವಕಳಿ, ಅದರಿಂದ ಸುಮಾರು ರೂ. 83,000 ತೆರಿಗೆ ಉಳಿತಾಯ. ಇದು ವರ್ಷದಿಂದ ವರ್ಷಕ್ಕೆ ಇಳಿಯುತ್ತಾ ಹೋಗುತ್ತದೆ. ಹೀಗೆ ಕೂಡಿಸಿದರೆ ಮರುಪಾವತಿ ಸುಮಾರು ನಾಲ್ಕು ವರ್ಷ ಏಳು ತಿಂಗಳು. ಹಣದ ಮೇಲೆ ಶೇ. 10ರಂತೆ ಬಡ್ಡಿಯ ಕಾಲಮೌಲ್ಯವನ್ನೂ ಹಿಡಿದರೆ ಏಳನೆಯ ವರ್ಷದಲ್ಲಿ ಮೊತ್ತ ಸರಿದೂಗುತ್ತದೆ. ಅರವತ್ತು ವರ್ಷ ಬಾಳುವ ಕಟ್ಟಡಕ್ಕೆ ಇದು ಉತ್ತಮ ಹೂಡಿಕೆಯೇ.

ಅದೇ ಉಳಿತಾಯ ಶೇ. 25ರ ಬದಲು ಶೇ. 10 ಮಾತ್ರ ಬಂದರೆ? ವರ್ಷಕ್ಕೆ ತೆರಿಗೆಯ ನಂತರ ರೂ. 1.11 ಲಕ್ಷ. ಕಾಲಮೌಲ್ಯ ಹಿಡಿದರೆ ಹದಿನೈದು ವರ್ಷ ಕಳೆದರೂ ರೂ. 15 ಲಕ್ಷ ಮರಳುವುದಿಲ್ಲ. ವಿದ್ಯುತ್ ದರ ಏರಿದಂತೆ ಈ ಲೆಕ್ಕ ಸುಧಾರಿಸುವುದು ನಿಜ. ಆದರೂ ಎಲ್ಲವೂ ನಿಂತಿರುವುದು ಆ ಒಂದು ಶೇಕಡಾವಾರಿನ ಮೇಲೆ. ನಮ್ಮ ಕಕ್ಷಿದಾರರ ಸಾಲದ ಕಂತುಗಳು ಬಿಗಿಯಾದದ್ದೂ ಇದೇ ಕಾರಣದಿಂದ.

ಸವಕಳಿ ಮತ್ತು ಜಿ.ಎಸ್.ಟಿ.

1962ರ ಆದಾಯ ತೆರಿಗೆ ನಿಯಮಗಳ ಪಟ್ಟಿಯಲ್ಲಿ ಸೌರ ಫಲಕಗಳು, ಶಂಟ್ ಕೆಪಾಸಿಟರುಗಳು, ಹೀಟ್ ಪಂಪು, ಶಾಖ ಮರಳಿ ಪಡೆಯುವ ಥರ್ಮಲ್ ಚಕ್ರ ಮುಂತಾದ ನಿರ್ದಿಷ್ಟ ಸಾಧನಗಳಿಗೆ ಹೆಚ್ಚಿನ ದರದ ಸವಕಳಿ ದೊರೆಯುತ್ತಿತ್ತು. ಹಿಂದೆ ಶೇ. 80 ಇದ್ದದ್ದು 2017ರ ಏಪ್ರಿಲ್ 1ರಿಂದ ಶೇ. 40ಕ್ಕೆ ಇಳಿಯಿತು. 2026ರ ಏಪ್ರಿಲ್ 1ರಿಂದ ಆರಂಭವಾಗುವ ತೆರಿಗೆ ವರ್ಷಗಳಿಗೆ 2025ರ ಹೊಸ ಆದಾಯ ತೆರಿಗೆ ಅಧಿನಿಯಮವು ಅನ್ವಯಿಸುವುದರಿಂದ, ಆಸ್ತಿಯನ್ನು ಖರೀದಿಸುವ ವರ್ಷಕ್ಕೆ ಸಂಬಂಧಿಸಿದ ಪಟ್ಟಿಯನ್ನೇ ನೋಡಿ ನಿರ್ಧರಿಸತಕ್ಕದ್ದು.

ಇಲ್ಲಿ ಒಂದು ವಿಚಿತ್ರವಿದೆ. ನಮ್ಮ ಬಿಸಿಲಿಗೆ ನಿಜವಾಗಿ ಉತ್ತರ ಕೊಡುವುದು ದಪ್ಪ ಗೋಡೆ, ಚಾಚಿದ ಸಜ್ಜಾ, ಬಿಳಿ ಹೆಂಚು ಹಾಸಿದ ತಾರಸಿ, ಪೂರ್ವ ಪಶ್ಚಿಮಗಳಿಗೆ ಕಡಿಮೆ ಕಿಟಕಿ. ಇವೆಲ್ಲ ಕಟ್ಟಡದ ಭಾಗವಾದ್ದರಿಂದ ಸವಕಳಿ ಶೇ. 10 ಮಾತ್ರ. ಒಳಗೆ ಬಂದ ಶಾಖವನ್ನು ಹೊರಹಾಕುವ ಕೆಲವು ಉಪಕರಣಗಳಿಗೆ ಶೇ. 40. ಹೀಗೆ ತೆರಿಗೆ ಪದ್ಧತಿಯು ಶಾಖವನ್ನು ತಡೆದವನಿಗಿಂತ, ಒಳಗೆ ಬಿಟ್ಟುಕೊಂಡು ಆಮೇಲೆ ಹೊರದೂಡಿದವನಿಗೆ ಹೆಚ್ಚು ಒಲಿದಂತಿದೆ. ಬಜೆಟ್ ಪೂರ್ವ ಮನವಿಗಳಲ್ಲಿ ನಮ್ಮ ಸಂಸ್ಥೆಯು ಈ ವಿಷಯವನ್ನು ಸೇರಿಸುವುದು ಸೂಕ್ತ ಎಂಬುದು ನನ್ನ ಅಭಿಪ್ರಾಯ.

ಪ್ರಮಾಣೀಕರಣದ ಶುಲ್ಕದ ವಿಚಾರದಲ್ಲಿ ಗೊಂದಲ ಸಾಮಾನ್ಯ. ವಿನ್ಯಾಸದ ಹಂತದಲ್ಲಿ ಸಲಹೆಗಾರರಿಗೆ ನೀಡಿದ ಶುಲ್ಕವನ್ನು ವಾಸ್ತುಶಿಲ್ಪಿಯ ಶುಲ್ಕದಂತೆ ಕಟ್ಟಡದ ವೆಚ್ಚಕ್ಕೆ ಸೇರಿಸಬಹುದು. ಪ್ರಮಾಣಪತ್ರ ನೀಡುವ ಸಂಸ್ಥೆಗೆ ತೆರುವ ಶುಲ್ಕ ಹಾಗಲ್ಲ. ಪತ್ರವಿಲ್ಲದೆಯೂ ಕಟ್ಟಡ ಬಳಕೆಗೆ ಯೋಗ್ಯವೇ ಆಗಿರುವುದರಿಂದ ಅದನ್ನು ರಾಜಸ್ವ ವೆಚ್ಚವಾಗಿ ತೋರಿಸುವುದು ಕ್ಷೇಮ. ಗೃಹ ಶ್ರೇಯಾಂಕಕ್ಕೆ ಐದು ವರ್ಷಗಳ ಅವಧಿಯಿದೆ. ಇಂಥ ನವೀಕರಣದ ವೆಚ್ಚ ನಿಸ್ಸಂದೇಹವಾಗಿ ರಾಜಸ್ವದ್ದೇ.

ಜಿ.ಎಸ್.ಟಿ.ಯಲ್ಲಿ ಕಲಂ 17(5)ರ ಪ್ರಕಾರ ಸ್ಥಿರಾಸ್ತಿಯ ನಿರ್ಮಾಣಕ್ಕೆ ಬಳಸಿದ ಸರಕು ಸೇವೆಗಳ ಇನ್‌ಪುಟ್ ಕ್ರೆಡಿಟ್ ದೊರೆಯುವುದಿಲ್ಲ. ಸ್ಥಾವರ ಮತ್ತು ಯಂತ್ರೋಪಕರಣಗಳಿಗೆ ಮಾತ್ರ ವಿನಾಯಿತಿ. ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ 2024ರ ಅಕ್ಟೋಬರ್ 3ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪಿನಿಂದ ಬಾಡಿಗೆ ಕಟ್ಟಡಗಳ ಮಾಲೀಕರಲ್ಲಿ ಆಸೆ ಮೂಡಿತ್ತು. ಆ ತೀರ್ಪು ನಿಂತದ್ದು ಕಾನೂನಿನಲ್ಲಿದ್ದ 'ಅಥವಾ' ಎಂಬ ಒಂದು ಪದದ ಮೇಲೆ. 2025ರ ಹಣಕಾಸು ಅಧಿನಿಯಮವು 'ಅಥವಾ'ವನ್ನು 'ಮತ್ತು' ಎಂದು 2017ರ ಜುಲೈ 1ರಿಂದಲೇ ಪೂರ್ವಾನ್ವಯವಾಗಿ ಬದಲಿಸಿತು. ಆದಕಾರಣ ಸೌರ ಫಲಕ, ಕೊಳಚೆ ನೀರಿನ ಶುದ್ಧೀಕರಣ ಯಂತ್ರ ಮುಂತಾದವನ್ನು ಕಟ್ಟಡದ ಗುತ್ತಿಗೆಯೊಳಗೆ ಸೇರಿಸದೆ ಪ್ರತ್ಯೇಕ ಖರೀದಿ ಆದೇಶ, ಪ್ರತ್ಯೇಕ ಇನ್‌ವಾಯ್ಸ್ ಮೂಲಕ ತರಿಸಿಕೊಳ್ಳುವುದು ಒಳಿತು. ಲಿಫ್ಟಿನಂತಹ, ಕಟ್ಟಡದಲ್ಲಿ ಲೀನವಾಗುವ ವಸ್ತುಗಳಿಗೆ ಮುಂಗಡ ನಿರ್ಣಯ ಪ್ರಾಧಿಕಾರಗಳು ಕ್ರೆಡಿಟ್ ನಿರಾಕರಿಸಿದ ಪ್ರಸಂಗಗಳಿವೆ ಎಂಬುದು ನೆನಪಿರಲಿ. ಕ್ರೆಡಿಟ್ ಪಡೆದ ತೆರಿಗೆಯ ಮೊತ್ತದ ಮೇಲೆ ಸವಕಳಿಯನ್ನು ಪಡೆಯುವಂತಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೌರ ಸಾಧನಗಳ ದರ ಶೇ. 12ರಿಂದ 5ಕ್ಕೆ, ಸಿಮೆಂಟಿನ ದರ ಶೇ. 28ರಿಂದ 18ಕ್ಕೆ ಇಳಿದಿರುವುದು ಸಮಾಧಾನದ ಸಂಗತಿ.

ಸಾಮಗ್ರಿ ಮತ್ತು ನೀರು

ಸಿಮೆಂಟಿನ ವಿಚಾರದಲ್ಲಿ ಹಸಿರು ಮಾರ್ಗ ದುಬಾರಿಯಲ್ಲ. ಸುಣ್ಣದಕಲ್ಲನ್ನು ಸುಡುವಾಗಲೇ ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುವುದರಿಂದ, ಸುಟ್ಟ ಕ್ಲಿಂಕರಿನ ಪಾಲನ್ನು ತಗ್ಗಿಸುವುದೇ ಉಪಾಯ. ಹಾರುಬೂದಿ ಬೆರೆತ ಸಿಮೆಂಟಿನಲ್ಲಿ ಶೇ. 15ರಿಂದ 35ರಷ್ಟು ಬೂದಿ, ಸ್ಲಾಗ್ ಸಿಮೆಂಟಿನಲ್ಲಿ ಶೇ. 25ರಿಂದ 70ರಷ್ಟು ಕಬ್ಬಿಣದ ಕುಲುಮೆಯ ಕಿಟ್ಟ ಇರಬಹುದೆಂದು ಭಾರತೀಯ ಮಾನಕಗಳು ಹೇಳುತ್ತವೆ. ರಾಯಚೂರಿನ ಶಾಖೋತ್ಪನ್ನ ಕೇಂದ್ರ, ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ನಮ್ಮ ರಾಜ್ಯದಲ್ಲೇ ಇವೆ. ಆರಂಭದಲ್ಲಿ ಬಲಗೊಳ್ಳುವುದು ನಿಧಾನವಾದ್ದರಿಂದ ನೀರುಣಿಸುವ ದಿನಗಳನ್ನು ಮೊಟಕುಗೊಳಿಸಬಾರದು. ನಮ್ಮ ಮೇಸ್ತ್ರಿಗಳ ಆತುರಕ್ಕೆ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಘಟಕವು ಸುಡದ, ಒತ್ತಿ ಮಾಡಿದ ಮಣ್ಣಿನ ಇಟ್ಟಿಗೆಯನ್ನು ಪ್ರಮಾಣಪತ್ರಗಳ ಹೆಸರೇ ಇಲ್ಲದ ಕಾಲದಲ್ಲಿ ಬಳಕೆಗೆ ತಂದದ್ದನ್ನೂ ಇಲ್ಲಿ ಸ್ಮರಿಸಬೇಕು.

ಮಳೆನೀರಿನ ಲೆಕ್ಕ ಇನ್ನೊಂದು ಬಗೆಯದು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. 10,000 ಚದರ ಅಡಿಯ ತಾರಸಿಯಿಂದ ಶೇ. 80 ಹಿಡಿದಿಟ್ಟರೂ ಸುಮಾರು 7.2 ಲಕ್ಷ ಲೀಟರ್. 2024ರ ಮಾರ್ಚಿನಲ್ಲಿ ಜಿಲ್ಲಾಡಳಿತವು ಐದು ಕಿಲೋಮೀಟರಿನೊಳಗೆ 12,000 ಲೀಟರ್ ಟ್ಯಾಂಕರಿಗೆ ನಿಗದಿಪಡಿಸಿದ ರೂ. 1,000ದಂತೆ ಇದರ ಬೆಲೆ ಕೇವಲ ರೂ. 60,000. ಬಂಡವಾಳದ ದೃಷ್ಟಿಯಿಂದ ಇದು ಆಕರ್ಷಕವೆನಿಸದು. ಆದರೆ ಆ ಬೇಸಗೆಯಲ್ಲಿ ದುಡ್ಡು ಹಿಡಿದು ನಿಂತರೂ ಟ್ಯಾಂಕರು ಸಿಗದೆ ಪಾಳಿ ನಿಲ್ಲಿಸಿದವರು ಬೇರೆ ಲೆಕ್ಕ ಹೇಳುತ್ತಾರೆ. ಒಂದು ದಿನ ಯಂತ್ರ ನಿಂತರೆ ಆಗುವ ನಷ್ಟವನ್ನು ಇದರ ಪಕ್ಕದಲ್ಲಿ ಬರೆದು ನೋಡತಕ್ಕದ್ದು.

ಜಾಹೀರಾತು ಮತ್ತು ಹೊಣೆ

ನಿರ್ಮಾಣ ಕ್ಷೇತ್ರದ ಸದಸ್ಯರಿಗೆ ಒಂದು ಎಚ್ಚರಿಕೆ. ನಕ್ಷೆಯ ಹಂತದಲ್ಲಿ ದೊರೆಯುವ ಪೂರ್ವ ಪ್ರಮಾಣೀಕರಣವು ಅಂತಿಮ ಪ್ರಮಾಣಪತ್ರವಲ್ಲ. ಅದನ್ನು ಆಧರಿಸಿ "ಪ್ಲಾಟಿನಂ ಕಟ್ಟಡ" ಎಂದು ಜಾಹೀರಾತು ನೀಡಿ, ಕೊನೆಗೆ ಆ ಶ್ರೇಣಿ ಬಾರದಿದ್ದರೆ 2016ರ ರೇರಾ ಅಧಿನಿಯಮದ ಕಲಂ 12ರ ಅಡಿ ಖರೀದಿದಾರರು ಪರಿಹಾರ ಕೇಳಬಹುದು. ಪರಿಸರಸ್ನೇಹಿ ಎಂಬ ಪೊಳ್ಳು ಹೇಳಿಕೆಗಳ ವಿರುದ್ಧ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2024ರ ಅಕ್ಟೋಬರಿನಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿದೆ.

ಬಾಡಿಗೆದಾರರ ಬೇಡಿಕೆಯೂ ಬದಲಾಗುತ್ತಿದೆ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಪಟ್ಟಿಕೃತ ಕಂಪನಿಗಳು 2022-23ರಿಂದ ತಮ್ಮ ವಿದ್ಯುತ್, ನೀರು, ತ್ಯಾಜ್ಯಗಳ ವಿವರವನ್ನು ಸೆಬಿಯ ನಮೂನೆಯಲ್ಲಿ ಪ್ರಕಟಿಸಬೇಕಾಗಿದೆ. ಅಂಥ ಕಂಪನಿಗೆ ಕಟ್ಟಡ ಬಾಡಿಗೆಗೆ ಕೊಡುವವರು ಅಥವಾ ಬಿಡಿಭಾಗ ಪೂರೈಸುವವರು ಇನ್ನು ಮುಂದೆ ಪ್ರಮಾಣಪತ್ರಕ್ಕಿಂತ ಹೆಚ್ಚಾಗಿ ತಿಂಗಳುವಾರು ಮೀಟರ್ ಅಂಕಿಗಳನ್ನು ಕೊಡಬೇಕಾಗಿ ಬರಬಹುದು.

ನಮ್ಮ ಕಕ್ಷಿದಾರರು ಅನಂತರ ಮಾಡಿದ್ದು ಇಷ್ಟು. ಐದು ಉಪಮೀಟರು ಹಾಕಿಸಿದರು. ರಾತ್ರಿ ಪಾಳಿಯಲ್ಲಿ ನಾಲ್ವರು ಕುಳಿತುಕೊಳ್ಳುವ ಅಂತಸ್ತಿಗೆ ಇಡೀ ಹವಾನಿಯಂತ್ರಣ ನಡೆಯುತ್ತಿದ್ದದ್ದು ಮೊದಲ ವಾರದಲ್ಲೇ ಕಂಡುಬಂದಿತು. ಆ ನಾಲ್ವರಿಗೆ ಒಂದು ಸಣ್ಣ ಕೊಠಡಿ, ಪ್ರತ್ಯೇಕ ಯಂತ್ರ ಒದಗಿಸಿದರು. ಪಶ್ಚಿಮದ ಗಾಜಿನ ಹೊರಗೆ ಅಲ್ಯೂಮಿನಿಯಂ ಪಟ್ಟಿಗಳ ಮರೆ ಕಟ್ಟಿಸಿದರು. ಸುವರ್ಣ ಶ್ರೇಣಿಗೆ ತೆತ್ತ ಮೊತ್ತಕ್ಕಿಂತ ಇವೆರಡರ ವೆಚ್ಚ ಕಡಿಮೆಯಾಯಿತು. ಈಗ ಪ್ರತಿ ತಿಂಗಳ 5ನೆಯ ತಾರೀಖಿನೊಳಗೆ ಐದು ಮೀಟರುಗಳ ಅಂಕಿಗಳು ಮಾರಾಟದ ಪಟ್ಟಿಯ ಜೊತೆಗೇ ನಮ್ಮ ಕಚೇರಿಗೆ ಬರುತ್ತವೆ. ಈ ಸಲ ಎರಡನೆಯ ಕಟ್ಟಡದ ನಕ್ಷೆಯನ್ನು, ಸಹಿ ಹಾಕುವ ಮೊದಲೇ ತಂದು ತೋರಿಸಿದರು. ಪಶ್ಚಿಮಕ್ಕೆ ಮೆಟ್ಟಿಲು, ಉಗ್ರಾಣ ಮತ್ತು ಶೌಚಾಲಯಗಳಿದ್ದವು.